ಎಂಜಿಬಿ: ಬಿಸಿಯಾದರೆ ಆಯಿಲ್ ಪ್ರೆಷರ್ ಬೀಳುತ್ತಿದೆ, ಪಂಪ್ ಬದಲಾಯಿಸಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಹೋದ ವರ್ಷ 1972ರ ಎಂಜಿಬಿ ಜಿಟಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡೆ. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಷರ್ ಗೇಜಿನ ಮುಳ್ಳು 60 ಪಿಎಸ್‌ಐಗೆ ಹೋಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ 3000 ಆರ್‌ಪಿಎಂನಲ್ಲೂ 30 ಪಿಎಸ್‌ಐ ದಾಟುವುದಿಲ್ಲ. ಸಿಗ್ನಲ್‌ನಲ್ಲಿ ನಿಂತರೆ 5ಕ್ಕೆ ಇಳಿಯುತ್ತದೆ. ಆಯಿಲ್ ಲೆವೆಲ್ ಸರಿಯಿದೆ. ಎರಡು ವರ್ಷದ ಹಿಂದೆ ಹೊಸ ಬೇರಿಂಗ್ ಹಾಕಿಸಿದ್ದೇನೆ ಅಂತ ಹಳೇ ಓನರ್ ಹೇಳಿದ್ದರು. ಇಲ್ಲಿ ಕೇಳಿದರೆ "ಆಯಿಲ್ ಪಂಪ್ ಬದಲಾಯಿಸು, ಸಾಕು" ಅನ್ನುತ್ತಾರೆ. ಹಾಕಿಸಲಾ?

ಉತ್ತರ

ನಮ್ಮ ಕಡೆಯವರೇ ಆದಿರಿ, ನಾನು ಅರಸೀಕೆರೆ. ಪಂಪ್‌ಗೆ ಈಗಲೇ ದುಡ್ಡು ಹಾಕಬೇಡಿ.

ನಾನು ಎಂಜಿಬಿ ಬಿಚ್ಚಿದವನಲ್ಲ, ಆದರೆ ಅಂಬಾಸಿಡರ್ ಎಂಜಿನ್ ಕಟ್ಟುತ್ತಾ ಮೂವತ್ತು ವರ್ಷ ಆಯಿತು. ಎರಡೂ ಒಂದೇ ಮನೆತನ, ಬ್ರಿಟಿಷ್ ಕಂಪನಿ ಬಿಎಂಸಿಯ ಬಿ ಸೀರೀಸ್ ಎಂಜಿನ್. ಅಂಬಾಸಿಡರ್‌ನದು 1489 ಸಿಸಿ. ನಿಮ್ಮ ಕಾರಿಗಿಂತ ಹಿಂದಿನ ಮಾದರಿ, 1955ರಲ್ಲಿ ಬಂದ ಎಂಜಿಎಗೂ ಅದೇ 1489. ನಿಮ್ಮದರಲ್ಲಿ ಬೋರ್ (ಸಿಲಿಂಡರಿನ ಅಗಲ) ದೊಡ್ಡದು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮಾತ್ರ ಅದೇ 88.9 ಮಿ.ಮೀ. ಕ್ರ್ಯಾಂಕನ್ನು, ಅಂದರೆ ಎಂಜಿನ್ನಿನ ತಿರುಗುವ ದಂಡವನ್ನು, ಹಿಡಿಯುವ ಮೇನ್ ಬೇರಿಂಗ್ ನಮ್ಮದಕ್ಕೆ ಮೂರು, ನಿಮ್ಮದಕ್ಕೆ ಐದು.

ಬಿಸಿ ಎಂಜಿನ್ನಿಗೆ ಗಾಡಿ ಓಡುವಾಗ 50ರಿಂದ 80 ಪಿಎಸ್‌ಐ, ಗಾಡಿ ನಿಂತು ಐಡಲ್‌ನಲ್ಲಿರುವಾಗ 10ರಿಂದ 25 ಇರಬೇಕು. ನಿಮ್ಮದು ನಿಜಕ್ಕೂ ಕಡಿಮೆ. ಆದರೆ ಪಂಪ್ ಆಯಿಲನ್ನು ತಳ್ಳುತ್ತದೆ ಅಷ್ಟೆ. ಆ ಆಯಿಲ್ ಬೇರಿಂಗಿನ ಸಣ್ಣ ಸಂದಿಯಲ್ಲಿ ನುಗ್ಗಲು ಒದ್ದಾಡುವಾಗ ಪ್ರೆಷರ್ ಹುಟ್ಟುತ್ತದೆ. ತೋಟದ ಪೈಪ್ ನಡುವೆ ಒಡೆದಿದ್ದರೆ ಕೊನೇ ತೆಂಗಿನ ಮರಕ್ಕೆ ನೀರು ಹೋಗುವುದಿಲ್ಲ. ಮೋಟಾರ್ ಬದಲಾಯಿಸಿದರೆ ಪೈಪ್ ಸರಿಹೋಗುತ್ತಾ?

ಮೊದಲು ಬೇರೆ ಮೆಕ್ಯಾನಿಕಲ್ ಗೇಜ್ ಸಿಕ್ಕಿಸಿ ನೋಡಿ. ಐವತ್ತು ವರ್ಷದ ಗೇಜ್ ಮಾತು ನಂಬಿ ಎಂಜಿನ್ ಬಿಚ್ಚಬಾರದು. ಆಮೇಲೆ ಡಿಪ್‌ಸ್ಟಿಕ್ ಮೂಸಿ ನೋಡಿ. ಕಾರ್ಬುರೇಟರ್ ನೀಡಲ್ ವಾಲ್ವ್ ಸೋರಿದರೆ ಪೆಟ್ರೋಲ್ ಆಯಿಲಿಗೆ ಇಳಿದು ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ. ಪೆಟ್ರೋಲ್ ವಾಸನೆ ಇಲ್ಲದಿದ್ದರೂ 20ಡಬ್ಲ್ಯೂ-50 ಆಯಿಲ್ ಹೊಸದಾಗಿ ಹಾಕಿ. ಹಳೇದನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಕತ್ತರಿಸಿ ಒಳಗೆ ನೋಡಿ. ಕೊನೆಗೆ ರಿಲೀಫ್ ವಾಲ್ವ್, ಅಂದರೆ ಪ್ರೆಷರ್ ಹೆಚ್ಚಾದರೆ ತೆರೆದು ಆಯಿಲ್ ಹೊರಬಿಡುವ ವಾಲ್ವ್. ಬ್ಲಾಕಿನ ಎಡಗಡೆ ಹಿಂಬದಿ ಗುಂಡು ತಲೆಯ ದೊಡ್ಡ ನಟ್ ಇದೆ, ಅದರೊಳಗೆ ಸ್ಪ್ರಿಂಗ್. ಬಿಡಿಯಾಗಿ ಅಳೆದರೆ 3 ಇಂಚು ಬರಬೇಕು. ತಣ್ಣಗಿದ್ದಾಗ 60 ಬರುತ್ತಿದೆ ಅಂದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವ ಸಾಧ್ಯತೆ ಕಡಿಮೆ. ಆದರೂ ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

ಅಣ್ಣಾ, ಎಲ್ಲ ಮಾಡಿದೆ. ಬೇರೆ ಗೇಜ್ ಕೂಡ ಅದನ್ನೇ ತೋರಿಸಿತು. ಪೆಟ್ರೋಲ್ ವಾಸನೆ ಇಲ್ಲ. ಸ್ಪ್ರಿಂಗ್ 3 ಇಂಚು ಸರಿಯಾಗಿದೆ. ಹೊಸ ಆಯಿಲಿಗೆ ಐಡಲ್ 5ರಿಂದ 7ಕ್ಕೆ ಬಂತು, ಅಷ್ಟೇ. ಬಟ್ಟೆಯ ಮೇಲೆ ಪೆನ್ಸಿಲ್ ಪುಡಿಯಂತೆ ಬೂದು ಬಣ್ಣದ ಮಿಂಚು ಉಳಿಯಿತು. ಫಿಲ್ಟರ್ ಪೇಪರಿನ ಮಡಿಕೆಗಳಲ್ಲಿ ಮಾತ್ರ ತಾಮ್ರದ ಬಣ್ಣದ ಚೂರುಗಳಿವೆ. ಬೆರಳಲ್ಲಿ ಉಜ್ಜಿದರೆ ಚುಚ್ಚುತ್ತವೆ.

ಉತ್ತರ

ಗಾಡಿ ಇನ್ನು ಓಡಿಸಬೇಡಿ. ಬೇರಿಂಗಿನ ಮೇಲ್ಪದರ ಬೂದು, ಅದು ಸವೆದರೆ ಕೆಳಗಿನ ತಾಮ್ರ ಕಾಣುತ್ತದೆ. ಎಂಜಿನ್ ಇಳಿಸಿ. ಕ್ರ್ಯಾಂಕಿನ ಒಂದೊಂದು ಜರ್ನಲ್‌ಗೂ (ಬೇರಿಂಗ್ ಕೂರುವ ದುಂಡು ಭಾಗ) ಮೈಕ್ರೋಮೀಟರ್ ಹಿಡಿಯಿರಿ, ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ. ಎರಡೂ ಅಳತೆ ಬೇರೆ ಬಂದರೆ ಅದು ಮೊಟ್ಟೆಯಾಕಾರ ಆಗಿದೆ ಅಂತ ಅರ್ಥ. ಬೇರಿಂಗ್ ಪ್ಲೇ, ಅಂದರೆ ಸಂದಿ, ಇಂಚಿನ ಸಾವಿರದಲ್ಲಿ 1ರಿಂದ 2.7 ಭಾಗ ಇರಬೇಕು. ಇಂಚಿನ ಸಾವಿರದಲ್ಲಿ ಒಂದು ಭಾಗವನ್ನೇ ನಾವು ಥೌ ಅನ್ನುತ್ತೇವೆ.

ಪ್ರಶ್ನೆ ಕೇಳಿದವರಿಂದ

ಇಳಿಸಿದೆ ಅಣ್ಣಾ. ನಾಲ್ಕು ಬಿಗ್ ಎಂಡ್‌ಗಳಲ್ಲಿ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಮೂರರಲ್ಲಿ ತಾಮ್ರ ಕಾಣುತ್ತಿದೆ. ಮೂರನೇ ಜರ್ನಲ್ ಎರಡೂವರೆ ಥೌ ಮೊಟ್ಟೆಯಾಗಿದೆ. ಬೇರಿಂಗ್ ಹಿಂದೆ ಸ್ಟ್ಯಾಂಡರ್ಡ್ ಸೈಜ್ ಗುರುತಿದೆ, ಅಂದರೆ ಯಾರೋ ಕ್ರ್ಯಾಂಕ್ ಗ್ರೈಂಡ್ ಮಾಡಿಸದೆ ಹೊಸ ಬೇರಿಂಗ್ ಕೂರಿಸಿದ್ದಾರೆ. ವಾಲ್ವ್ ಒತ್ತುವ ರಾಕರ್‌ಗಳು ಕೂರುವ ರಾಕರ್ ಶಾಫ್ಟಿನ ಕೆಳಭಾಗದಲ್ಲೂ ಉಗುರು ಸಿಕ್ಕುವಷ್ಟು ಗೀರು. ಪಂಪ್ ರೋಟರ್ ಸಂದಿ 4 ಥೌ ಇದೆ, ಮಿತಿ 6. ನೀವು ಹೇಳಿದ ಹಾಗೇ ಆಯಿತು.

ಉತ್ತರ

ಸವೆದ ಕ್ರ್ಯಾಂಕಿಗೆ ಹೊಸ ಬೇರಿಂಗ್ ಹಾಕುವುದು ನನಗೆ ತುಂಬಾ ಬೇಸರ ತರುವ ಕೆಲಸ. ಒಂದು ವರ್ಷ ಚೆನ್ನಾಗಿ ಓಡುತ್ತದೆ, ಆಮೇಲೆ ಪಾಪ ಇನ್ನೊಬ್ಬರ ತಲೆಗೆ ಬರುತ್ತದೆ.

ಕ್ರ್ಯಾಂಕನ್ನು 10 ಥೌ ಅಂಡರ್‌ಸೈಜ್‌ಗೆ, ಅಂದರೆ ಅಷ್ಟು ಸಣ್ಣಗೆ, ಗ್ರೈಂಡ್ ಮಾಡಿಸಿದರೆ ಸಾಕಾಗಬಹುದು. ಗ್ರೈಂಡಿಂಗ್ ಆಗಿ ಅಳತೆ ಕೈಗೆ ಬಂದ ಮೇಲೆ ಬೇರಿಂಗ್ ಕೊಳ್ಳಿ, ಮೊದಲೇ ಬೇಡ. ರಾಕರ್ ಶಾಫ್ಟ್, ಬುಷ್ ಹೊಸದಾಗಲಿ. ವಾಲ್ವ್ ಓಡಿಸುವ ಕ್ಯಾಮ್ ಶಾಫ್ಟಿನ ಬೇರಿಂಗ್ ಕೂಡ ಅಳೆಸಿ. ಅದೂ ಪ್ರೆಷರ್ ಸೋರುವ ಜಾಗ, ಆದರೆ ಎಲ್ಲರೂ ಮರೆಯುತ್ತಾರೆ. ಅದನ್ನು ಬದಲಾಯಿಸಿದರೆ ಮೂರು ಕ್ಯಾಮ್ ಬೇರಿಂಗನ್ನೂ ಒಂದೇ ಸಾಲಿಗೆ ರೀಮ್ ಮಾಡಬೇಕು, ಅಂದರೆ ಒಳಗಿನ ತೂತು ಕೊರೆದು ಅಳತೆಗೆ ತರಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಪಂಪ್ ಹೇಗೂ ಕೈಗೆ ಬಂದಿದೆ, ಈಗ ಬೇಕಾದರೆ ಹೊಸದು ಹಾಕಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಗ್ರೈಂಡಿಂಗ್‌ನಿಂದ ಬಂದ ಕ್ರ್ಯಾಂಕ್ ಕನ್ನಡಿ ಹಾಗೆ ಹೊಳೆಯುತ್ತದೆ. ಆದರೆ ಅದರೊಳಗಿನ ಆಯಿಲ್ ತೂತುಗಳಲ್ಲಿ ಗ್ರೈಂಡಿಂಗ್ ಪುಡಿ, ಹಳೇ ಕೆಸರು ಎರಡೂ ಕೂತಿರುತ್ತವೆ. ಬಂದೂಕಿನ ನಳಿಗೆ ಉಜ್ಜುವಂಥ ಉದ್ದನೆ ಬ್ರಷ್ ತಗೊಳ್ಳಿ. ಸೀಮೆಎಣ್ಣೆ ಬಿಟ್ಟು ಒಂದೊಂದು ತೂತನ್ನೂ ಎರಡೂ ಕಡೆಯಿಂದ ಉಜ್ಜಿ. ಗಾಳಿ ಹೊಡೆಯಿರಿ. ಬಿಳಿ ಬಟ್ಟೆ ಹಿಡಿದಾಗ ಕಲೆ ಬೀಳಬಾರದು. ನಾನು ನಾಲ್ಕು ಸಲ ಉಜ್ಜಿದ ಮೇಲೂ ಐದನೇ ಸಲ ಕಪ್ಪು ಬಂದದ್ದಿದೆ. ಬ್ಲಾಕಿನ ತೂತುಗಳಿಗೂ ಇದೇ ಉಪಚಾರ.

ಟ್ಯಾಪೆಟ್‌ಗಳನ್ನು (ಕ್ಯಾಮ್ ಮೇಲೆ ಕೂರುವ ಬಿಲ್ಲೆಗಳು) ಅದದೇ ಜಾಗಕ್ಕೆ ಹಾಕಿ. ಮೇನ್ ಕ್ಯಾಪ್ ಬೋಲ್ಟ್ 70 ಪೌಂಡ್-ಅಡಿ. ಪಂಪ್ ಒಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ, ಒಣ ಪಂಪ್ ಆಯಿಲ್ ಎಳೆಯುವುದಿಲ್ಲ. ಪ್ಲಗ್ ನಾಲ್ಕೂ ಬಿಚ್ಚಿ ಸ್ಟಾರ್ಟರ್ ತಿರುಗಿಸಿ. ಗೇಜ್ ಮುಳ್ಳು ಏಳುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಪ್ರಶ್ನೆ ಕೇಳಿದವರಿಂದ

ಅಣ್ಣಾ, ನಿನ್ನೆ ಸ್ಟಾರ್ಟ್ ಆಯಿತು. 10 ಥೌ ಸಾಕಾಯಿತು. ಕ್ಯಾಮ್ ಬೇರಿಂಗ್ ಅಳತೆಯಲ್ಲೇ ಇತ್ತು, ಮುಟ್ಟಲಿಲ್ಲ. ಕ್ರ್ಯಾಂಕ್ ತೂತಿನಿಂದ ಮೂರನೇ ಸಲ ಉಜ್ಜಿದಾಗ ಟಾರಿನಂಥ ಮುದ್ದೆ ಬಂತು, ನೀವು ಹೇಳದಿದ್ದರೆ ಹಾಗೇ ಜೋಡಿಸುತ್ತಿದ್ದೆ. ಪ್ಲಗ್ ಬಿಚ್ಚಿ ತಿರುಗಿಸಿದಾಗ ಮುಳ್ಳು ಮೊದಲು ಅಲುಗಾಡಲೇ ಇಲ್ಲ. ಸ್ಟಾರ್ಟರ್ ಬಿಸಿಯಾಗಬಾರದು ಅಂತ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ನಾಲ್ಕನೇ ಸಲಕ್ಕೆ ಸರ್ರನೆ 40ಕ್ಕೆ ಎದ್ದಿತು. ಬಿಸಿಯಾದ ಮೇಲೆ 3000ದಲ್ಲಿ 60, ಐಡಲ್‌ನಲ್ಲಿ 22. ಸಿಗ್ನಲ್‌ನಲ್ಲಿ ನಿಂತು ಹಸಿರು ಬಂದದ್ದೂ ಕಾಣದೆ ಗೇಜನ್ನೇ ನೋಡುತ್ತಿದ್ದೆ.

ಮೊದಲ ಆಯಿಲ್ ಎಷ್ಟು ಮೈಲಿಗೆ ತೆಗೆಯಲಿ?

ಉತ್ತರ

300 ಮೈಲಿಗೆ, ಫಿಲ್ಟರ್ ಸಮೇತ. ಹಳೇದನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಫೋಟೋ ಹಾಕಿ, ನಾನೂ ನೋಡಬೇಕು.