ಚಾಲ್ತಿ ಖಾತೆ: ಬ್ಯಾಂಕಿನಲ್ಲಿ ಮತ್ತು ವಿದೇಶ ವ್ಯಾಪಾರದಲ್ಲಿ

‘ಕರೆಂಟ್ ಅಕೌಂಟ್’ಗೆ ಕನ್ನಡದಲ್ಲಿ ರೂಢಿಯಲ್ಲಿರುವ ಮಾತು ‘ಚಾಲ್ತಿ ಖಾತೆ’. ಬ್ಯಾಂಕಿನ ಮಟ್ಟಿಗೆ ಇದರ ಅರ್ಥದಲ್ಲಿ ತೊಡಕಿಲ್ಲ. ಕೇಳಿದೊಡನೆ ಹಣ ಹಿಂಪಡೆಯಬಹುದಾದ, ಸಾಮಾನ್ಯವಾಗಿ ಬಡ್ಡಿ ಸಿಗದ, ದಿನನಿತ್ಯದ ಲೇವಾದೇವಿಗೆಂದೇ ಇರುವ ಖಾತೆ ಅದು. ಭಾರತದಲ್ಲಿ ಇದನ್ನು ಹೆಚ್ಚಾಗಿ ವ್ಯಾಪಾರಸ್ಥರೂ ಸಂಸ್ಥೆಗಳೂ ತೆರೆದರೆ, ಬ್ರಿಟನ್ನಿನಲ್ಲಿ ಸಂಬಳದಾರರ ಮಾಮೂಲಿ ಖಾತೆಗೂ ಇದೇ ಹೆಸರಿದೆ.

ತೊಡಕು ಹುಟ್ಟುವುದು ‘ಚಾಲ್ತಿ ಖಾತೆ ಕೊರತೆ’ ಎಂಬ ಮಾತನ್ನು ಪತ್ರಿಕೆಯಲ್ಲಿ ಓದಿದಾಗ. ದೇಶವು ಎಲ್ಲೋ ಒಂದು ಖಾತೆ ಇಟ್ಟು, ಅದರಲ್ಲಿದ್ದುದಕ್ಕಿಂತ ಹೆಚ್ಚು ಹಣ ತೆಗೆದಿದೆ ಎಂದು ಓದುಗರು ಭಾವಿಸುವುದು ಸಹಜ. ಅಂಥ ಖಾತೆ ಯಾವ ಬ್ಯಾಂಕಿನಲ್ಲೂ ಇಲ್ಲ. ಒಂದು ದೇಶದ ನಿವಾಸಿಗಳಿಗೂ ಹೊರಗಿನವರಿಗೂ ನಡುವೆ ಗೊತ್ತಾದ ಅವಧಿಯಲ್ಲಿ ನಡೆದ ವ್ಯವಹಾರಗಳನ್ನು ಬರೆದಿಡುವ ಪಾವತಿ ಶಿಲ್ಕಿನ ಲೆಕ್ಕದಲ್ಲಿ ಇದೊಂದು ವಿಭಾಗ ಮಾತ್ರ. ಸರಕು ಮತ್ತು ಸೇವೆಗಳ ಆಮದು ರಫ್ತು, ಬಡ್ಡಿ, ಲಾಭಾಂಶ, ವಲಸಿಗರು ಮನೆಗೆ ಕಳಿಸುವ ಹಣ, ಅನುದಾನ ಇವೆಲ್ಲ ಇದರೊಳಗೆ ಬರುತ್ತವೆ. ವಿದೇಶದಿಂದ ತಂದ ಸಾಲದ ಬಡ್ಡಿಯನ್ನು ಇಲ್ಲಿ ಬರೆಯುತ್ತಾರೆ, ಅಸಲನ್ನು ಬರೆಯುವುದಿಲ್ಲ. ಷೇರಿನ ಲಾಭಾಂಶ ಇಲ್ಲಿಗೆ ಸೇರುತ್ತದೆ, ಷೇರು ಕೊಂಡ ಹಣ ಸೇರುವುದಿಲ್ಲ. ಆಸ್ತಿ ಮತ್ತು ಹೊಣೆಯನ್ನು ಬದಲಿಸುವ ಆ ವ್ಯವಹಾರಗಳಿಗೆ ಹಣಕಾಸು ಖಾತೆ ಎಂಬ ಬೇರೆ ವಿಭಾಗವಿದೆ. ಬಳಕೆಯ ಮಾತಿನಲ್ಲಿ ಅದನ್ನೇ ಬಂಡವಾಳ ಖಾತೆ ಎನ್ನುವುದುಂಟು.

ಚಾಲ್ತಿ ಖಾತೆಯ ಕೊರತೆಯನ್ನು ‘ವ್ಯಾಪಾರ ಕೊರತೆ’ಯೊಂದಿಗೆ, ಅಂದರೆ ರಫ್ತಿಗಿಂತ ಆಮದು ಹೆಚ್ಚಾಗುವುದರೊಂದಿಗೆ, ಬೆರೆಸುವುದು ಇನ್ನೂ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. 1980ರ ದಶಕದ ಆರಂಭದಿಂದ ಅಮೆರಿಕದ ಚಾಲ್ತಿ ಖಾತೆ ಬಹುತೇಕ ಪ್ರತಿ ವರ್ಷವೂ ಕೊರತೆಯಲ್ಲೇ ಇದ್ದರೂ, 1991ರಲ್ಲಿ ಅಲ್ಪ ಮಿಗತೆ ಕಾಣಿಸಿತು. ಆ ವರ್ಷವೂ ಅಮೆರಿಕ ರಫ್ತಿಗಿಂತ ಹೆಚ್ಚು ಸರಕನ್ನು ಆಮದು ಮಾಡಿಕೊಂಡಿತ್ತು. ಆದರೆ ಕೊಲ್ಲಿ ಯುದ್ಧದ ವೆಚ್ಚಕ್ಕೆಂದು ಮಿತ್ರರಾಷ್ಟ್ರಗಳು ಕೊಟ್ಟ ಹಣ ವರ್ಗಾವಣೆಯೆಂದು ಇದೇ ಖಾತೆಗೆ ಜಮೆಯಾದದ್ದರಿಂದ ಕೊರತೆ ತುಂಬಿಹೋಯಿತು. ವ್ಯಾಪಾರದಲ್ಲಿ ಕೊರತೆಯಿದ್ದೂ ಚಾಲ್ತಿ ಖಾತೆಯಲ್ಲಿ ಮಿಗತೆ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೊರತೆಯೆಂದರೆ ದಿವಾಳಿಯೂ ಅಲ್ಲ. ದೇಶದ ಒಟ್ಟು ಹೂಡಿಕೆ ಅದರ ಒಟ್ಟು ಉಳಿತಾಯವನ್ನು ಮೀರಿದಾಗ, ಆ ವ್ಯತ್ಯಾಸವೇ ಚಾಲ್ತಿ ಖಾತೆಯ ಕೊರತೆಯಾಗಿ ತೋರುತ್ತದೆ. ಅದನ್ನು ವಿದೇಶಿ ಬಂಡವಾಳದಿಂದಲೋ ವಿದೇಶಿ ವಿನಿಮಯ ಮೀಸಲಿನಿಂದಲೋ ತುಂಬಬೇಕಾಗುತ್ತದೆ. ಆದ್ದರಿಂದ ಅರ್ಥಶಾಸ್ತ್ರದ ಬರಹದಲ್ಲಿ ಮೊದಲ ಸಲವಾದರೂ ‘ಪಾವತಿ ಶಿಲ್ಕಿನ ಚಾಲ್ತಿ ಖಾತೆ’ ಎಂದು ಬಿಡಿಸಿ ಬರೆಯುವುದು ಒಳಿತೆಂದು ನನಗೆ ತೋರುತ್ತದೆ.