‘ಗ್ರಾನೈಟ್’ ಅಂತ ಸರಿಯಾಗಿ ಬರೆದರೂ 5ಕ್ಕೆ 1 ಮಾರ್ಕು. ಭೂವಿಜ್ಞಾನ ಓದಿದವರು ಅನುಭವ ಹೇಳಿ

ಪ್ರಶ್ನೆ: ತುಮಕೂರು ಕಡೆಯ ವಿದ್ಯಾರ್ಥಿನಿ

ಈ ವರ್ಷ ಬಿಎಸ್‌ಸಿ ಸೇರಿದ್ದೇನೆ. ಭೂವಿಜ್ಞಾನ ಒಂದು ವಿಷಯ. ಪಿಯುಸಿಯಲ್ಲಿ ಇದು ಇರಲಿಲ್ಲ. ಕಲ್ಲುಗಳ ಹೆಸರು ಬಾಯಿಪಾಠ ಮಾಡಿದರೆ ಆಯ್ತು ಅಂದುಕೊಂಡಿದ್ದೆ. ಮೊದಲ ಪ್ರಾಕ್ಟಿಕಲ್‌ನಲ್ಲಿ ಮೇಷ್ಟ್ರು ಒಂದು ಕಲ್ಲು ಕೊಟ್ಟರು. ‘ಗ್ರಾನೈಟ್’ ಎಂದು ಬರೆದೆ. ಉತ್ತರ ಸರಿ. ಆದರೂ 5ಕ್ಕೆ 1 ಮಾರ್ಕು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಹೇಗೆ ಗೊತ್ತಾಯ್ತು?’ ಅಂತ ಬರೆದಿದ್ದಾರೆ. ಮೊದಲ ಪಾಠದಲ್ಲೂ ಕಲ್ಲಿನ ಸುದ್ದಿಯೇ ಇಲ್ಲ. ವೀಕ್ಷಣೆ, ಊಹೆ, ಪರೀಕ್ಷೆ, ಸಿದ್ಧಾಂತ ಅಂತ ಬಾಣ ಹಾಕಿದ ಒಂದು ಚಿತ್ರ, ಅಷ್ಟೇ. ಇದನ್ನು ಹೇಗೆ ಓದಬೇಕು? ಗೊತ್ತಿದ್ದವರು ಹೇಳಿ.

ಮೈಸೂರಿನಿಂದ, ಎಂಎಸ್‌ಸಿ ಎರಡನೇ ವರ್ಷ

ನನಗೂ ಹಾಗೇ ಆಗಿತ್ತು ತಂಗಿ. ನನಗೆ ಸಿಕ್ಕಿದ್ದು ಅರ್ಧ ಮಾರ್ಕು. ನೀನು 1 ತಗೊಂಡಿದ್ದೀಯ, ಪರವಾಗಿಲ್ಲ.

ರೆಕಾರ್ಡ್ ಬುಕ್‌ಗೆ ಬರೆಯುವ ಮುಂಚೆ ರಫ್ ಪುಸ್ತಕದಲ್ಲಿ ಪುಟದ ನಡುವೆ ಒಂದು ಗೆರೆ ಎಳೆ. ಎಡಗಡೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ. ಬಲಗಡೆ ಅದರಿಂದ ನಿನಗೆ ಏನನ್ನಿಸಿತೋ ಅದು. ಎಡಗಡೆ ಯಾವ ಕಲ್ಲಿನ ಹೆಸರೂ ಬರಕೂಡದು. ಇದು ಹೇಳೋಕೆ ಸುಲಭ. ಹೆಸರು ಗೊತ್ತಿದ್ದಾಗಲೇ ಕಷ್ಟ, ಯಾಕಂದರೆ ಹೆಸರು ಹೊಳೆದ ತಕ್ಷಣ ಕಣ್ಣು ನೋಡೋದನ್ನು ನಿಲ್ಲಿಸಿಬಿಡುತ್ತದೆ.

ನಿನ್ನ ಗ್ರಾನೈಟನ್ನೇ ತಗೋ. ಎಡಗಡೆ ಹೀಗೆ ಬರಬೇಕು: ‘ಮೂರು ಬಗೆಯ ಕಾಳು ಇವೆ. ಹೆಚ್ಚುಕಮ್ಮಿ ಅಕ್ಕಿಕಾಳಿನ ಗಾತ್ರ. ಒಂದಕ್ಕೊಂದು ಹೆಣೆದುಕೊಂಡಿವೆ, ನಡುವೆ ಸಂದಿ ಇಲ್ಲ. ಒಂದು ಬೂದು ಬಣ್ಣದ್ದು, ಒಡೆದ ಗಾಜಿನ ಹಾಗೆ ಅಡ್ಡಾದಿಡ್ಡಿ. ಇನ್ನೊಂದು ನಸುಗೆಂಪು. ಕಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಅದರ ಚಪ್ಪಟೆ ಮುಖ ಫಳ್ಳನೆ ಮಿಂಚುತ್ತದೆ. ಮೂರನೆಯದು ಕಪ್ಪು. ಪಿನ್ನಿನಿಂದ ಮೀಟಿದರೆ ಪದರ ಏಳುತ್ತದೆ.’ ಈಗ ಬಲಗಡೆಗೆ ಬಾ. ಬೂದು ಕಾಳು ಬೆಣಚು ಇರಬೇಕು. ಮಿಂಚಿದ್ದು ಫೆಲ್ಡ್‌ಸ್ಪಾರ್. ಪದರ ಎದ್ದದ್ದು ಅಭ್ರಕ, ಕಾಗೆಬಂಗಾರ ಅಂತೀವಲ್ಲ, ಅದರ ಕಪ್ಪು ಜಾತಿ. ಕಾಳುಗಳು ಇಷ್ಟು ದೊಡ್ಡದಾಗಿ ಬೆಳೆದಿವೆ ಅಂದರೆ ಕರಗಿದ ಶಿಲೆ ನೆಲದಾಳದಲ್ಲಿ ನಿಧಾನವಾಗಿ ತಣಿದಿರಬೇಕು. ಹೆಸರು ಇಷ್ಟೆಲ್ಲ ಆದ ಮೇಲೆ.

ನನ್ನ ಅರ್ಧ ಮಾರ್ಕಿನ ಕಥೆಯನ್ನೂ ಕೇಳು. ‘ಗಾಜನ್ನು ಗೀರಿತು, ಆದ್ದರಿಂದ ಬೆಣಚು’ ಅಂತ ಬರೆದಿದ್ದೆ. ಮೋಸ್ ಅಳತೆಯಲ್ಲಿ (ಗಡಸುತನಕ್ಕೆ ಹತ್ತು ಖನಿಜಗಳನ್ನಿಟ್ಟು ಮಾಡಿದ 1ರಿಂದ 10ರ ಅಳತೆ) ಗಾಜು ಸುಮಾರು 5.5, ಫೆಲ್ಡ್‌ಸ್ಪಾರ್ 6, ಬೆಣಚು 7. ಎರಡೂ ಗಾಜನ್ನು ಗೀರುತ್ತವೆ! ಇವೆರಡನ್ನು ಬೇರೆ ಮಾಡೋಕೆ ಆ ಪರೀಕ್ಷೆ ಉಪಯೋಗಕ್ಕೇ ಬರಲ್ಲ. ಪರೀಕ್ಷೆ ಮಾಡುವ ಮೊದಲು ‘ಇದು ಯಾವುದರಿಂದ ಯಾವುದನ್ನು ಬೇರೆ ಮಾಡುತ್ತೆ?’ ಅಂತ ನಾನು ಕೇಳಿಕೊಂಡಿರಲಿಲ್ಲ.

ಈಗ ಬ್ಯಾಂಕಿನಲ್ಲಿರುವವ

ಇಷ್ಟೆಲ್ಲ ಬೇಡ ಕಣಮ್ಮ. ನಾನು ನೋಟ್ಸ್ ಉರು ಹೊಡೆದು ಪಾಸಾದೆ. ಟಾಲ್ಕ್, ಜಿಪ್ಸಮ್, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್... ಇವತ್ತಿಗೂ ಮೋಸ್ ಅಳತೆಯ ಹತ್ತನ್ನೂ ಒಂದೇ ಉಸಿರಿಗೆ ಹೇಳುತ್ತೇನೆ. ಕೈಗೆ ಕಲ್ಲು ಕೊಟ್ಟು ಯಾವುದು ಅಂದರೆ ಮಾತ್ರ ಆಗಲ್ಲ.

ಕಲಬುರಗಿಯಿಂದ

ಮೇಲಿನವರ ಮಾತು ಬಿಡಿ. ಮನೆಯಲ್ಲೇ ಲ್ಯಾಬ್ ಇದೆ. ನಮ್ಮ ಮನೆ ನೆಲ ಶಹಾಬಾದ್ ಕಲ್ಲು, ಅಂದರೆ ಸುಣ್ಣದಕಲ್ಲು. ಅಡುಗೆಮನೆಯ ಕಟ್ಟೆ ಕರಿ ಗ್ರಾನೈಟ್. ಕಪಾಟಿನ ಹಲಗೆಗಳು ಕಡಪ ಕಲ್ಲು. ಕಡಪವೂ ಕರಿ, ಕಟ್ಟೆಯೂ ಕರಿ. ನೋಡಿದರೆ ಅಣ್ಣತಮ್ಮಂದಿರ ಹಾಗೆ. ಒಂದೊಂದು ಹನಿ ಆಸಿಡ್ ಹಾಕಿದರೆ ಕಡಪದ ಮೇಲೆ ಬುಸ್ ಅಂತ ನೊರೆ, ಗ್ರಾನೈಟ್ ಮೇಲೆ ಏನೂ ಇಲ್ಲ. ಕಡಪ ಕೂಡ ಸುಣ್ಣದಕಲ್ಲೇ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಪಡಸಾಲೆಯ ನಟ್ಟನಡುವೆ ಸುರಿದಿದ್ದೆ. ನೊರೆ ನೋಡಿ ಕುಣಿದಾಡಿದೆ. ಬಿಳಿ ಕಲೆ ಇವತ್ತಿಗೂ ಇದೆ. ಅವ್ವ ಅದರ ಮೇಲೆ ಚಾಪೆ ಹಾಸಿ 6 ವರ್ಷ ಆಯ್ತು. ಲ್ಯಾಬಿನ ಡೈಲ್ಯೂಟ್ ಆಸಿಡ್, ಒಡೆದ ಚೂರಿನ ಮೇಲೆ ಒಂದೇ ಹನಿ, ಅಷ್ಟು ಸಾಕು.

ನೊರೆ ಬರಲಿಲ್ಲ ಅಂತ ಅಲ್ಲಿಗೇ ಕೈ ತೊಳೆದುಕೊಳ್ಳಬೇಡಿ. ಡಾಲಮೈಟ್ ಅಂತ ಒಂದಿದೆ, ಸುಣ್ಣದಕಲ್ಲಿನ ಹತ್ತಿರದ ನೆಂಟ. ಇಡೀ ಕಲ್ಲಿನ ಮೇಲೆ ಹಾಕಿದರೆ ಸುಮ್ನೆ ಕೂತಿರುತ್ತದೆ. ಚಾಕುವಿನಿಂದ ಕೆರೆದು ಪುಡಿ ಮಾಡಿ ಹಾಕಿದರೆ ಆಗ ನಿಧಾನಕ್ಕೆ ಗುಳ್ಳೆ ಏಳುತ್ತದೆ. ನಮ್ಮ ಬ್ಯಾಚಿನ ಅರ್ಧ ಜನ ಅದಕ್ಕೇ ಬಲಿಯಾದರು.

ನಿವೃತ್ತ ಅಧ್ಯಾಪಕರು, ಧಾರವಾಡ

ಮಗಳೇ, ಕಲ್ಲಿನ ಬಗ್ಗೆ ಇವರು ಚೆನ್ನಾಗಿ ಹೇಳಿದ್ದಾರೆ. ನಾನು ಆ ಬಾಣದ ಚಿತ್ರದ ಬಗ್ಗೆ ಹೇಳುತ್ತೇನೆ. 30 ವರ್ಷ ನಾನೂ ಬೋರ್ಡಿನ ಮೇಲೆ ಅದನ್ನೇ ಬರೆದೆ. ನಿಜ ಹೇಳಬೇಕೆಂದರೆ ಕೆಲಸ ಆ ಚಿತ್ರದ ಹಾಗೆ ನಡೆಯುವುದೇ ಇಲ್ಲ.

ಭೂಮಿಯ ವಯಸ್ಸಿನ ವಿಷಯ ನೋಡು. 1862ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಒಂದು ಲೆಕ್ಕ ಹಾಕಿದರು. ಗಣಿಯಲ್ಲಿ ಕೆಳಗೆ ಇಳಿದಷ್ಟೂ ಕಾವು ಜಾಸ್ತಿ. ಅಂದರೆ ಭೂಮಿ ಇನ್ನೂ ಆರುತ್ತಿದೆ. ಒಲೆಯಿಂದ ಇಳಿಸಿ ಎಷ್ಟು ಹೊತ್ತಾಯಿತು ಎಂದು ಆ ಕಾವಿನಿಂದಲೇ ಹೇಳಬಹುದು. ಅವರಿಗೆ ಬಂದ ಉತ್ತರ 2 ಕೋಟಿಯಿಂದ 40 ಕೋಟಿ ವರ್ಷ. ಆಮೇಲೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದರು. ಕಲ್ಲಿನ ಪದರ ನೋಡಿದವರು ‘ಇಷ್ಟು ಸಾಲದು ಸ್ವಾಮಿ’ ಅಂದರು. ಆದರೆ ಕೆಲ್ವಿನ್ ಗಣಿತದಲ್ಲಿ ತಪ್ಪು ಹುಡುಕೋಕೆ ಯಾರಿಂದ ಆಗುತ್ತೆ? ಗಣಿತ ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು ಲೆಕ್ಕ ಶುರುವಾಗುವ ಮೊದಲಿನ ಸಾಲಿನಲ್ಲಿ, ಆ ಬಾಣದ ಚಿತ್ರದಲ್ಲಿ ಕಾಣದ ಜಾಗದಲ್ಲಿ. ಭೂಮಿ ಒಳಗೆಲ್ಲ ಗಟ್ಟಿ, ಕಾವು ಒಳಗಿಂದ ಹೊರಕ್ಕೆ ಹರಿಯುವುದು ಒಂದೇ ರೀತಿ, ಅಂತ ಅವರು ಹಿಡಿದಿದ್ದರು. ಅಂದರೆ ಭೂಮಿ ರಾಗಿ ಮುದ್ದೆಯ ಹಾಗೆ. 1895ರಲ್ಲಿ ಜಾನ್ ಪೆರ್ರಿ ಎಂಬವರು ಇದನ್ನೇ ಎತ್ತಿದರು. ಅವರು ಹಿಂದೆ ಕೆಲ್ವಿನ್ ಬಳಿಯೇ ಸಹಾಯಕರಾಗಿದ್ದವರು. ಭೂಮಿ ಮುದ್ದೆಯ ಹಾಗಲ್ಲದೆ ಕೆನೆ ಕಟ್ಟಿದ ಹಾಲಿನ ಹಾಗಿದ್ದರೆ? (ಮುದ್ದೆ, ಹಾಲು ನನ್ನವು. ಪೆರ್ರಿಯವರಿಗೆ ಮುದ್ದೆ ಎಲ್ಲಿ ಸಿಗಬೇಕು.) ಮುದ್ದೆಯ ಹೊರಭಾಗ ಆರಿದರೆ ಆರಿತು. ಹಾಲು ಹಾಗಲ್ಲ. ಒಳಗೆ ಹೊರಳಿ ಹೊರಳಿ ಬಿಸಿಯನ್ನು ತಂದು ಕೆನೆಯ ಬುಡಕ್ಕೆ ಮುಟ್ಟಿಸುತ್ತಲೇ ಇರುತ್ತದೆ. ಮೇಲೆ ಬೆರಳಿಟ್ಟು ‘ಇನ್ನೂ ಬಿಸಿ ಇದೆ, ಈಗಷ್ಟೇ ಇಳಿಸಿದ್ದಾರೆ’ ಅಂದರೆ ಮೋಸ ಹೋದಿರಿ. ಹಾಗಿದ್ದರೆ ವಯಸ್ಸು ನೂರಾರು ಕೋಟಿಗೂ ಹೋಗಬಹುದು ಎಂದು ಪೆರ್ರಿ ತೋರಿಸಿದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ.

1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು (ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ಅದೇ ಗಡಿಯಾರ) ಭೂಮಿಗೆ 455 ಕೋಟಿ ವರ್ಷ ಎಂದರು. ಆ ಸಂಖ್ಯೆ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ನಿಂತಿದೆ.

‘ವಿಕಿರಣ ಪದಾರ್ಥಗಳ ಕಾವು ಗೊತ್ತಿಲ್ಲದ್ದರಿಂದ ಕೆಲ್ವಿನ್ ತಪ್ಪಿದರು’ ಅಂತ ಎಷ್ಟೋ ಪುಸ್ತಕದಲ್ಲಿ ಇರುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದೆ. ಆ ಕಾವನ್ನು ಸೇರಿಸಿದರೂ ಅವರ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಒಳಗಿನ ಹೊರಳಾಟವೇ ದೊಡ್ಡ ಕಾರಣ. ಇದು ತಿಳಿದಾಗ ನಾನು ರಿಟೈರ್ ಆಗಿದ್ದೆ. ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ತಿದ್ದಿಕೊಳ್ಳಿ.

ಬೆಂಗಳೂರಿನಿಂದ

ಸರ್, ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತಾರಲ್ಲ. ನಿಮ್ಮ ಮಾತು ಓದಿದ ಮೇಲೆ ಅದು ಭೂಮಿಯ ವಯಸ್ಸಿನ ಅರ್ಧಕ್ಕಿಂತ ಜಾಸ್ತಿ ಅಂತ ಹೊಳೆಯಿತು. ಕೆಂಪೇಗೌಡ ಗೋಪುರದ ಹತ್ತಿರ ಎಷ್ಟು ಸಲ ಕೂತು ಕಡಲೆಕಾಯಿ ತಿಂದಿದ್ದೇನೋ. ತಂಗಿ, ಬಂದರೆ ಆ ಬಂಡೆಯಲ್ಲಿನ ಕಪ್ಪು-ಬಿಳಿ ಪಟ್ಟೆಗಳನ್ನು ನೋಡು. ಅದು ನೈಸ್ (gneiss) ಅನ್ನುವ ಪಟ್ಟೆ ಕಲ್ಲು. ಗ್ರಾನೈಟ್ ಅಂತ ಬರೆದರೆ ಈ ಸಲ ಸೊನ್ನೆ.

ಚಿಂತಾಮಣಿ ಹತ್ತಿರದ ಹಳ್ಳಿಯಿಂದ

ನಾನು ಭೂವಿಜ್ಞಾನ ಓದಿದವನಲ್ಲ, ರೇಷ್ಮೆ ಬೆಳೆಯುವವ. ಆದರೂ ಹೇಳ್ತೀನಿ.

ನಮ್ಮಪ್ಪ 3 ಬೋರ್ ಕೊರೆಸಿದರು. ಮೂರೂ ತೆಂಗಿನಕಾಯಿ ಹಿಡಿದು ನೋಡುವವರು ತೋರಿಸಿದ ಪಾಯಿಂಟು. ಅಂಗೈ ಮೇಲೆ ಮಲಗಿದ ಕಾಯಿ ಎದ್ದು ನಿಂತರೆ ಕೆಳಗೆ ನೀರು ಅಂತ. ಒಂದರಲ್ಲಿ ಬಂತು. ಊರಲ್ಲೆಲ್ಲ ಇವತ್ತಿಗೂ ಆ ಒಂದರದ್ದೇ ಮಾತು. ಉಳಿದೆರಡಕ್ಕೆ ‘ಇನ್ನೊಂದು 100 ಅಡಿ ಹೋಗಿದ್ದರೆ ಸಿಗ್ತಿತ್ತು’ ಅಂದರು. ಹೀಗಂದರೆ ಅವರು ತಪ್ಪೋದು ಯಾವಾಗ, ಹೇಳಿ?

ಅಕ್ಕಪಕ್ಕದ ತೋಟದವರದ್ದೂ ಸೇರಿಸಿ ಡೈರಿಯಲ್ಲಿ ಬರೆಯತೊಡಗಿದೆ. ಕೊರೆಯುವ ಮೊದಲೇ ಅವರು ಎಷ್ಟು ಅಡಿ ಅಂದರು, ಎಷ್ಟು ಇಂಚು ನೀರು ಅಂದರು, ಆಮೇಲೆ ಏನಾಯ್ತು. 11 ಬೋರ್ ಬರೆದ ಮೇಲೆ ಒಂದು ಹೊಳೆಯಿತು. ಕಾಯಿ ನಿಲ್ಲದ ಜಾಗದಲ್ಲಿ ಯಾರೂ ಕೊರೆಸಿಯೇ ಇಲ್ಲ. ಅಲ್ಲೂ ಇಷ್ಟೇ ಸಿಗ್ತಿತ್ತೋ ಏನೋ. ಹೋಲಿಸೋಕೆ ಏನೂ ಇಲ್ಲ. ‘ಕಾಯಿ ಮಲಗಿದ ಕಡೆ ಒಂದು ಕೊರೆಸೋಣ’ ಅಂದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಮೀಟರ್ ತಂದ ಜಿಯಾಲಜಿಸ್ಟ್ ಒಬ್ಬರನ್ನು ಕರೆಸಿದೆ. ಅವರ ಪಾಯಿಂಟೂ ಫೇಲ್! ಆದರೆ ಅವರು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮೇಲೆ ಇಷ್ಟು ಅಡಿ ಸಡಿಲ ಕಲ್ಲು, ಕೆಳಗೆ ಗಟ್ಟಿ ಬಂಡೆ, ಬಿರುಕು ಸಿಕ್ಕರೆ 300 ಅಡಿಯೊಳಗೆ, ಸಿಗದಿದ್ದರೆ ನಿಲ್ಲಿಸಿ. ಪುಡಿಯ ಬಣ್ಣ ಅವರು ಹೇಳಿದ ಕಡೆಯೇ ಕೆಂಪಿನಿಂದ ಬೂದಿಗೆ ತಿರುಗಿತು. ಬಿರುಕು ಸಿಗಲಿಲ್ಲ. ನಿಲ್ಲಿಸಿದೆವು. ನೀರಿಲ್ಲ, ಆದರೆ ಮಿಕ್ಕ ಅಡಿಗಳ ದುಡ್ಡು ಉಳಿಯಿತು. ನಿಮ್ಮ ಮೇಷ್ಟ್ರು ಕೇಳ್ತಿರೋದು ಆ ಚೀಟಿ ಅನ್ಸುತ್ತೆ ಕಣಮ್ಮ.

ಪ್ರಶ್ನೆ ಕೇಳಿದವಳು, ಮೂರು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಪುಟದ ನಡುವೆ ಗೆರೆ ಎಳೆದು ಮನೆಯ ಒರಳುಕಲ್ಲಿನ ಮುಂದೆ ಕೂತೆ. ಎಡಗಡೆ 14 ಸಾಲು ಬಂತು, ಬಲಗಡೆ 3. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕಪ್ಪು ಕಾಳನ್ನು ಪಿನ್ನಿನಿಂದ ಎಷ್ಟು ಮೀಟಿದರೂ ಪದರ ಏಳುತ್ತಿಲ್ಲ. ಉದ್ದುದ್ದಕ್ಕೆ ಕಡ್ಡಿಯ ಹಾಗಿದೆ. ಹಾಗಾದರೆ ಅಭ್ರಕ ಅಲ್ಲ ಅಲ್ವಾ?

ಮೈಸೂರಿನಿಂದ, ಎಂಎಸ್‌ಸಿ ಎರಡನೇ ವರ್ಷ

ಹಾರ್ನ್‌ಬ್ಲೆಂಡ್ ಇರಬಹುದು, ಪೈರಾಕ್ಸೀನ್ ಕೂಡ ಇರಬಹುದು. ಎರಡೂ ಕಪ್ಪು ಖನಿಜಗಳೇ. ಹೊಸದಾಗಿ ಒಡೆದ ಮುಖದಲ್ಲಿ ಕಡ್ಡಿಯ ಅಡ್ಡಕೊಯ್ತ ಹುಡುಕಿ ಲೆನ್ಸ್‌ನಲ್ಲಿ ನೋಡು. ಎರಡು ಸೀಳು (ಖನಿಜ ಚಪ್ಪಟೆಯಾಗಿ ಒಡೆಯುವ ಮುಖ) ಸೇರುವ ಕೋನ 60 ಮತ್ತು 120 ಡಿಗ್ರಿಯ ಹತ್ತಿರ ಇದ್ದರೆ ಹಾರ್ನ್‌ಬ್ಲೆಂಡ್. 90ರ ಹತ್ತಿರ ಇದ್ದರೆ ಪೈರಾಕ್ಸೀನ್.

ಪ್ರಶ್ನೆ ಕೇಳಿದವಳು

ಹೊಸದಾಗಿ ಒಡೆದ ಮುಖ ಬೇಕಾ? ಅಜ್ಜಿ ಪಕ್ಕದಲ್ಲೇ ಕೂತಿದ್ದಾರೆ ಅಕ್ಕ. ಸುತ್ತಿಗೆಯನ್ನು ಆಗಲೇ ಎತ್ತಿಟ್ಟುಬಿಟ್ಟರು.