ಎಮ್ಮಿಗೆ ಸೂಜಿ ಹಾಕಿದ ಹಾಲು ಕುಡುದ್ರ ಹೆಣ್ಮಕ್ಕಳು ಲಗೂ ದೊಡ್ಡವರಾಗ್ತಾರೇನ್ರಿ?

ಉಣಕಲ್ ಕೆರಿ ದಂಡಿ:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಉಣಕಲ್ ಕಡೆ ಇರ್ತೀವಿ. ಮಗಳಿಗೆ ಎಂಟೂವರಿ ವರ್ಷ, ಮೂರನೇತ್ತಾ. ಹೋದ ರವಿವಾರ ಎಣ್ಣಿ ಹಚ್ಚಿ ಎರಿಯೂ ಮುಂದ ಎದಿಮ್ಯಾಲೆ ಅಡಿಕಿಯಷ್ಟು ಗಂಟು ಕೈಗೆ ಹತ್ತಿತು. ಮುಟ್ಟಿದ್ರ "ನೋಯ್ತೈತಿ ಮಮ್ಮಿ" ಅಂದ್ಲು. ನಾ ದೊಡ್ಡಾಕಿ ಆದಾಗ ನನಗ ಹದಿಮೂರು. ಕೈಕಾಲು ತಣ್ಣಗಾದ್ವು.

ನಮ್ಮತ್ತಿ ಶಿಗ್ಗಾವಿ ಕಡೆಯವರು. ಅವರ ತೀರ್ಪು ಆಗಲೇ ಆಗಿಬಿಟ್ಟೈತಿ: "ಆ ಹಾಲಿನಾಂವನ ಸೂಜಿ ಹಾಲು, ನಿನ್ನ ಗಂಡ ವಾರಕ್ಕೊಮ್ಮೆ ತರೂ ಬಾಯ್ಲರ್ ಕೋಳಿ, ಎರಡೂ ಸೇರಿ ಕೂಸನ್ನ ಪುಡಿ ಹಾಕಿದ ಮಾವಿನಕಾಯಿಗತೆ ಹಣ್ಣು ಮಾಡ್ಯಾವು."

ಸೂಜಿ ಅನ್ನೂದು ಸುಳ್ಳಲ್ರಿ. ಒಂದಿನ ಹಾಲಿನ ರೊಕ್ಕಾ ಕೊಡಾಕ ಹೋದಾಗ ಅವನ ದನದ ಮನಿ ಗೋಡಿ ಗೂಡಿನ್ಯಾಗ ಚೀಟಿ ಇಲ್ಲದ ಸಣ್ಣ ಬಾಟ್ಲಿ, ಸಿರಿಂಜ್ ನೋಡೀನಿ. ದಿನಾ ಒಂದೂವರಿ ಲೀಟರ್ ಅವನ ಕಡೆಯಿಂದನ. ವಾಟ್ಸಾಪಿನ್ಯಾಗ ಅಮೇರಿಕಾದ ಹಾಲಿನ ಹಾರ್ಮೋನ್ ಬಗ್ಗೆ ಏನೇನೋ ಬರ್ತಾವು. ಅದೂ ಇದೂ ಒಂದ ಏನು? ಹಾಲು ಬಿಡಸ್ಲ್ಯಾ?

ಗೌಳಿ ಮನಿಯಾಂವ, ಧಾರವಾಡ:

ಅಕ್ಕಾರ, ಎಲ್ಲಾ ಗೌಳ್ಯಾರನ್ನ ಒಂದ ಗೂಟಕ್ಕ ಕಟ್ಟಬ್ಯಾಡ್ರಿ. ನಮ್ಮ ಮನ್ಯಾಗ ಹನ್ನೊಂದು ಎಮ್ಮಿ ಅದಾವು, ಎಲ್ಲಾ ಧಾರವಾಡಿ ತಳಿ. ಪೇಢೆಕ್ಕ ರುಚಿ ಬರೂದು ಇದರ ಹಾಲಿನಿಂದನ.

ಮೊದಲ ಕರ ಬಿಡಬೇಕು. ಅದು ನಾಕು ಸಲ ಕೆಚ್ಚಲಕ್ಕ ಗುಮ್ಮಿದ ಮ್ಯಾಲೆ ಎಮ್ಮಿ ತೊರಿ ಬಿಡ್ತೈತಿ, ಅಂದ್ರ ಹಾಲು ಇಳಸ್ತೈತಿ. ಊರಾಗ ಜಾಗಾ ಇಲ್ಲ, ಕೋಣಗರ ಸಾಕೂದು ಲುಕ್ಸಾನು ಅಂತ ಕೆಲವರು ಅದನ್ನ ಹಸುದು ಸಾಯಾಕ ಬಿಡ್ತಾರ. ಕರ ಸತ್ತಮ್ಯಾಲೆ ಎಮ್ಮಿ ಹಾಲು ಕಟಗೊಂತೈತಿ. ಆವಾಗ ಸೂಜಿ. ಒಮ್ಮೆ ರೂಢಿ ಆತಂದ್ರ ಮುಗೀತು, ಸೂಜಿ ಇಲ್ದ ಹನಿ ಹಾಲು ಇಳಸಂಗಿಲ್ಲ. ಕರ ಸತ್ರ ನಮ್ಮವ್ವ ಮುಂದ ಹತ್ತಿಕಾಳು ಇಟ್ಟು, ಮೈ ತಿಕ್ಕಿ, ಅದರ ಕೂಡ ಮಾತಾಡಿ ಹಿಂಡತಾಳ. ಅರ್ಧ ತಾಸು ಹಿಡೀತೈತಿ. ಅಷ್ಟು ಪುರಸೊತ್ತು ಎಲ್ಲಾರಿಗೂ ಇರಂಗಿಲ್ಲ, ಅದೂ ಖರೇನ.

ರಿಟೈರ್ ದನದ ಡಾಕ್ಟರ್, ಗದಗ:

ತಂಗಿ, ರೋಣ, ಮುಂಡರಗಿ, ಗಜೇಂದ್ರಗಡ ಅಂತ ತಿರುಗಿ ಮೂವತ್ತೊಂದು ವರ್ಷ ದನದ ಮೈಯೊಳಗ ಕೈ ಹಾಕೀನಿ. ಮನುಷ್ಯಾರ ಡಾಕ್ಟರ್ ನಾನಲ್ಲ. ಅದಕ್ಕ ಮೊದಲ ಹೇಳೂದು: ಹಾಲಿನ ಪಂಚಾಯ್ತಿ ಆಮ್ಯಾಲೆ, ಹುಡುಗಿನ್ನ ಮಕ್ಕಳ ಡಾಕ್ಟರಿಗೆ ತೋರಸ್ರಿ. ಎಂಟು ತುಂಬೂದಕ್ಕಿಂತ ಮೊದಲ ಎದಿ ಮೂಡಿದ್ರ ಅದನ್ನ ಅಕಾಲ ಅಂತ ಲೆಕ್ಕಾ ಹಿಡೀತಾರ. ನಿಮ್ಮಾಕಿ ಆ ಗೆರಿ ದಾಟ್ಯಾಳ, ಆದ್ರ ಗೆರಿ ಮಗ್ಗಲಾಗನ ಅದಾಳ. ಎಡಗೈ ಎಕ್ಸ್‌ರೇ ತಗದು ಎಲವಿನ ವಯಸ್ಸು ನೋಡ್ತಾರ, ಬೇಕಾದ್ರ ರಕ್ತಾ ತಪಾಸ್ತಾರ. ಆಕಿ ತೂಕ ಎಷ್ಟೈತಿ ಅಂತ ನೀವು ಬರದಿಲ್ಲ. ಅದು ಮುಖ್ಯ. ಮೈಮ್ಯಾಲಿನ ಕೊಬ್ಬು ಸುಮ್ಮನ ಕೂಡೂದಿಲ್ಲ, ತಾನ ಹೆಣ್ಣಿನ ಹಾರ್ಮೋನು ತಯಾರು ಮಾಡ್ತೈತಿ.

ಇನ್ನ ಆ ಬಾಟ್ಲಿ. ಚೀಟಿ ಇಲ್ಲ ಅಂದ್ರ ಬಹುತೇಕ ಆಕ್ಸಿಟೋಸಿನ್. ಅದು ಬೆಳವಣಿಗಿ ಹಾರ್ಮೋನು ಅಲ್ಲವಾ. ಹೆರಿಗಿ ಮುಂದ ಬ್ಯಾನಿ ಬರಲೆಂತ ಸಲಾಯಿನ್‌ದಾಗ ಹಾಕ್ತಾರಲ್ಲ, ಅದ ಇದು. ಕೂಸು ಬಾಯಿ ಹಾಕಿದ ಕೂಡ್ಲೆ ನಿಮಗ ಹಾಲು ಇಳಿತಿತ್ತಲ್ಲ, ಆ ಕೆಲಸಾನೂ ಇದರದ. ಬರೇ ಒಂಬತ್ತು ಅಮೈನೋ ಆಮ್ಲದ ಸಣ್ಣ ಸರಪಳಿ. ರಕ್ತದಾಗ ಕೆಲವು ನಿಮಿಷಕ್ಕ ಕರಗಿ ಹೋಗ್ತೈತಿ, ಹೊಟ್ಟ್ಯಾಗ ಬಿದ್ರ ಬ್ಯಾಳಿ ಸಾರಿನಗತೆ ಅರಗಿ ಹೋಗ್ತೈತಿ. ನುಂಗಿದ್ರ ಹತ್ತೂದಿಲ್ಲ ಅಂತನ ಅದನ್ನ ಚುಚ್ಚೂದು. ಮಗಳ ಎದಿಗೂ ಅದಕ್ಕೂ ನಾ ಗಂಟು ಹಾಕೂದಿಲ್ಲ.

ಅಮೇರಿಕಾದ್ದು ಬ್ಯಾರೆ. ಆಕಳಿಗೆ ಹಾಲು ಹೆಚ್ಚಾಗಲೆಂತ ಪ್ರಯೋಗಶಾಲಾದಾಗ ಮಾಡಿದ ಬೆಳವಣಿಗಿ ಹಾರ್ಮೋನಿಗೆ ಅಲ್ಲಿ 1993ರಾಗ ಒಪ್ಪಿಗಿ ಸಿಕ್ತು. ಕೆನಡಾ 1999ರಾಗ ಬ್ಯಾಡ ಅಂತು. ಯಾಕಂದ್ರ ಆಕಳಿಗೆ ಕೆಚ್ಚಲ ಬಾವು, ಕುಂಟು ಹೆಚ್ಚಾಗ್ತಿದ್ವು. ನಮ್ಮ ದೇಶದಾಗ ಅದಕ್ಕ ಪರವಾನಗಿ ಇಲ್ಲ. ಮಾಂಸದ ದನಕ್ಕ ಅವರು ಕಿವಿ ಚರ್ಮದ ಕೆಳಗ ಈಸ್ಟ್ರಾಡಯಾಲ್‌ನಂಥಾ ಹಾರ್ಮೋನಿನ ಗುಳಿಗಿ ಇಡ್ತಾರ. ಈ ಜಾತಿ ಹಾರ್ಮೋನು ಬಾಯಿಂದ ಹೋದ್ರೂ ಕೆಲಸ ಮಾಡಬಲ್ಲವು, ಗರ್ಭನಿರೋಧಕ ಗುಳಿಗಿ ನೆನಪ ಮಾಡ್ಕೊಳ್ರಿ. ಅದಕ್ಕ ಯುರೋಪಿನವರು 1989ರಿಂದ ಆ ಮಾಂಸ ಒಳಗ ಬಿಡ್ಲಿಲ್ಲ, ಇಬ್ಬರೂ ವರ್ಷಾನುಗಟ್ಟಲೆ ಜಗಳಾಡಿದ್ರು. ನಮ್ಮ ದನದ ಕಿವ್ಯಾಗ ಇರೂದು ಸರ್ಕಾರದ ಹಳದಿ ಬಿಲ್ಲೆ ಒಂದ.

ಹಂಗಂತ ನಿಮ್ಮ ಹಾಲಿನಾಂವ ಸಾಚಾ ಅಂತಲ್ಲ. ದಿನಾ ಎರಡು ಹೊತ್ತು ಸೂಜಿ ತಿಂದ ಎಮ್ಮಿ ಗಬ್ಬ ನಿಲ್ಲದ ಕಸಾಯಿಗೆ ಹೋಗಿದ್ದು ಕಣ್ಣಾರೆ ನೋಡೀನಿ. ಪ್ರಾಣಿ ಹಿಂಸಾ ತಡೆ ಕಾಯಿದೆ ಅಂತ 1960ರದ್ದು ಐತಿ, ಅದರ 12ನೇ ಕಲಮಿನ್ಯಾಗ ಹಾಲಿಗಾಗಿ ಇಂಥಾ ಸೂಜಿ ಹಾಕಿ ದನದ ಆರೋಗ್ಯ ಕೆಡಿಸಿದ್ರ ಎರಡು ವರ್ಷದ ಮಟ ಜೈಲು, ದನಾನೂ ಸರ್ಕಾರಕ್ಕ.

ನಿಮ್ಮ ಜಾಗಾದಾಗ ನಾ ಇದ್ರ ಅವನನ್ನ ಬ್ಯಾರೇನ ಕೇಳ್ತಿದ್ದೆ: ಔಷಧಿ ಕೊಟ್ಟ ದಿನದ ಹಾಲು ಚೆಲ್ತೀಯೇನು ಅಂತ. ನೌಕರಿಯಾಗಿದ್ದಾಗ ನಾ ಕೆಚ್ಚಲ ಬಾವಿಗೆ ಆಂಟಿಬಯೋಟಿಕ್ ಏರಿಸಿ "ಮೂರು ನಾಕು ದಿನದ ಹಾಲು ಚೆಲ್ರಿ" ಅಂತ ಹೇಳಿ ಬರ್ತಿದ್ದೆ. ಗಾಡಿ ಹೊಳ್ಳಿಸೂದ್ರಾಗ ಆ ಹಾಲು ಕ್ಯಾನಿಗೆ ಬಿದ್ದಿರ್ತಿತ್ತು. ಕಾಸಿದ್ರೂ ಅದು ಪೂರಾ ಹೋಗೂದಿಲ್ಲ.

ದೇಸಿ ಜೀವನ:

ಎ2 ಅನ್ನೂ ಜಾತಿ ಪ್ರೋಟೀನಿನ ಹಾಲು ಕುಡಸ್ರಿ, ಎಲ್ಲಾ ಸರಿ ಹೊಕ್ಕೈತಿ.

ರಿಟೈರ್ ದನದ ಡಾಕ್ಟರ್, ಗದಗ:

ಎಮ್ಮಿ ಹಾಲು ಎಲ್ಲಾ ಎ2ನ ಪಾ. ಆಕಿ ಮೊದಲಿಂದ ಅದನ್ನ ಕುಡ್ಯಾಕತ್ತಾಳ.

ಬ್ಯಾಡಗಿ ಕೋಳಿ ಫಾರಂ:

ಬಾಯ್ಲರ್ ಕೋಳಿ ಹೆಸರು ಬಂತಲ್ಲ, ಅದಕ್ಕ ಬರ್ಯಾಕತ್ತೀನಿ. ನನ್ನ ಶೆಡ್ಡಿನ್ಯಾಗ ಐದು ಸಾವಿರ ಮರಿ. ಕಂಪನಿ ಮರಿ, ಆಹಾರ, ಔಷಧಿ ಕೊಡ್ತೈತಿ, ನನಗ ಕಿಲೋ ಲೆಕ್ಕದಾಗ ಕೂಲಿ. ಬೆಳವಣಿಗಿ ಹಾರ್ಮೋನು ಅಂದ್ರ ಚುಚ್ಚಬೇಕು, ಅದೂ ಮ್ಯಾಲಿಂದ ಮ್ಯಾಲೆ. ಐದು ಸಾವಿರ ಕೋಳಿ ಹಿಡದು ಚುಚ್ಚಾಕ ನನ್ನ ಬೀಗರು ಬರಬೇಕು!

ಅದು ಲಗೂ ಬೆಳೆಯೂದು ತಳಿಯಿಂದ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 2005ರ ತಳಿ ಎರಡಕ್ಕೂ ಒಂದ ನಮೂನಿ ಆಹಾರ ಹಾಕಿ ಸಾಕಿದ್ರು. 56 ದಿನಕ್ಕ ಹಳೇದು 905 ಗ್ರಾಂ, ಹೊಸಾದು 4 ಕಿಲೋ 202 ಗ್ರಾಂ. ಲಗೂ ಬೆಳದಿದ್ದಕ್ಕ ಅದರ ಕಾಲ ಸೋಲ್ತಾವು, ಬ್ಯಾಸಗ್ಯಾಗ ಎದಿ ಒಡದು ಸಾಯ್ತಾವು, ಆ ಕಥಿ ಬ್ಯಾರೆ.

ಆಂಟಿಬಯೋಟಿಕ್ ನೀರಾಗ ಹಾಕೀವಿ, ಸುಳ್ಳು ಯಾಕ ಹೇಳ್ಲಿ. ಕೊಲಿಸ್ಟಿನ್ ಅನ್ನೂದನ್ನ ಸರ್ಕಾರ 2019ರಾಗ ಬಂದ್ ಮಾಡ್ತು. ಮಾರೂಕಿಂತ ಮೊದಲು ಇಂತಿಷ್ಟು ದಿನ ಔಷಧಿ ನಿಲ್ಲಿಸಬೇಕಂತ ನೇಮ ಐತಿ. ನಾ ನಿಲ್ಲಸ್ತೀನಿ. ಮಗ್ಗಲ ಶೆಡ್ಡಿನಾಂವ ಏನು ಮಾಡ್ತಾನ ದೇವರಿಗೆ ಗೊತ್ತು.

ಉಣಕಲ್ ಕೆರಿ ದಂಡಿ:

ಎಲ್ಲಾರಿಗೂ ಭಾಳ ಉಪಕಾರಾತ್ರಿ. ಮೊನ್ನೆ ತೋರಿಸಿಕೊಂಡು ಬಂದ್ವಿ. ಎಲವಿನ ವಯಸ್ಸು ಒಂದು ವರ್ಷ ಮುಂದೈತಂತ. ಈಗ ಔಷಧಿ ಬ್ಯಾಡ, ಆರು ತಿಂಗಳಿಗೆ ಎತ್ತರ, ತೂಕ ನೋಡೂಣಂದ್ರು. ತೂಕ ಮೂವತ್ತೆಂಟು ಕಿಲೋರಿ, ಬರ್ಯಾಕ ನಾಚಿಕಿ ಬಂದಿತ್ತು. ಸಾಲಿ ಬಿಟ್ಟು ಬಂದಮ್ಯಾಲೆ ಬೇಕರಿ ಖಾರಿ, ಕ್ರೀಂ ಬಿಸ್ಕೀಟು ನಾನ ಕೊಡ್ತಿದ್ದೆ. ಅತ್ತಿಯವರು ಈಗ ಹಾಲಿನ ಮಾತು ಬಿಟ್ಟು ಎಲ್ಲಾ ತಪ್ಪು ಮೊಬೈಲಿಂದು ಅನ್ನಾಕತ್ತಾರ.

ಹಾಲಿನಾಂವನ ಮನಿಗೆ ನಸಿಕಿನ್ಯಾಗ ಐದಕ್ಕ ಹೋಗಿದ್ದೆ. ಬಾಟ್ಲಿ ಕೈಯಾಗ ಇತ್ತು, ನನ್ನ ನೋಡಿ ಬೆನ್ನ ಹಿಂದ ಹಿಡಕೊಂಡ. "ಕರ ಸತ್ತೈತ್ರಿ ಬಾಯಾರ" ಅಂದ. ಹತ್ತಿಕಾಳಿಂದು ಹೇಳಿದೆ. ಸೂಜಿ ಬಿಟ್ರ ಲೀಟರಿಗೆ ಐದು ರೂಪಾಯಿ ಹೆಚ್ಚಿಗಿ ಕೊಡ್ತೀನಿ ಅಂದೆ. ನಿನ್ನೆ ಒಂದೂವರಿ ಬದ್ಲಿ ಒಂದ ಲೀಟರ್ ತಂದು ಮಾರಿ ಸಣ್ಣದು ಮಾಡ್ಕೊಂಡು ನಿಂತಿದ್ದ. ಉಳಿದ ಅರ್ಧ ಲೀಟರಿಗೆ ನಂದಿನಿ ಪಾಕೀಟು ತಂದೀನಿ. ಗೌಳಿ ತಮ್ಮಾ, ಎಮ್ಮಿ ಮತ್ತ ಮೊದಲಿನಗತೆ ತೊರಿ ಬಿಡಾಕ ಎಷ್ಟು ದಿನ ಬೇಕಾಕ್ಕಾವು?

ಗೌಳಿ ಮನಿಯಾಂವ, ಧಾರವಾಡ:

ಅದರ ಮನಸ್ಸಿನ ಮ್ಯಾಲೈತ್ರಿ ಅಕ್ಕಾರ. ದಿನಾ ಒಬ್ಬರ ಹಿಂಡಬೇಕು, ಕೈ ಬದಲಿ ಮಾಡಬಾರ್ದು ಅಂತ ಅವಗ ಹೇಳ್ರಿ.